ಬಿಟ್ಟಿ ಚಹಾ ಕುಡಿಸಿ ಕಟ್ಟಿದ ಮಾರುಕಟ್ಟೆ

ಮನೆಗೆ ಯಾರಾದರೂ ಬಂದರೆ ‘ಕಾಫಿಯೋ, ಟೀಯೋ?’ ಎಂದು ಕೇಳುವುದು ನಮ್ಮಲ್ಲಿ ಶಿಷ್ಟಾಚಾರ. ಹುಬ್ಬಳ್ಳಿ-ಧಾರವಾಡದ ಕಡೆ ಆ ಪ್ರಶ್ನೆಯೂ ಏಳುವುದಿಲ್ಲ. ಚಹಾ ತಾನಾಗಿಯೇ ಬರುತ್ತದೆ. ಅನಾದಿ ಕಾಲದಿಂದ ನಡೆದು ಬಂದಂತೆ ಕಾಣುವ ಈ ಉಪಚಾರ ನಿಜಕ್ಕೂ ಬಹಳ ಹಳೆಯದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಬಹುಪಾಲು ಜನರಿಗೆ ಚಹಾದ ರುಚಿಯೇ ಗೊತ್ತಿರಲಿಲ್ಲ. ಅದನ್ನು ಅವರಿಗೆ ಹತ್ತಿಸಿದ್ದು ತೋಟದ ಮಾಲೀಕರು ದಶಕಗಳ ಕಾಲ ಪಟ್ಟುಹಿಡಿದು ನಡೆಸಿದ ಪ್ರಚಾರ.

ಯಾವುದೇ ಉದ್ದಿಮೆಗೆ ಇಂಥ ಪ್ರಯತ್ನದಲ್ಲಿ ಎರಡು ಬಗೆಯ ಕೆಲಸಗಳಿರುತ್ತವೆ. ಸರಕನ್ನು ಜನರ ಕೈಗೆ ತಲುಪಿಸಿ ಅದು ಬೇಕೆನಿಸುವಂತೆ ಮಾಡುವುದು ಮಾರಾಟಗಾರಿಕೆ. ಸರಕನ್ನು ತಯಾರಿಸುವವರ ಬಗ್ಗೆ ಜನರಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿಸುವುದು ಸಾರ್ವಜನಿಕ ಸಂಪರ್ಕ. ಮೊದಲನೆಯದರ ಶಕ್ತಿ ಎಷ್ಟು, ಎರಡನೆಯದರ ಮಿತಿ ಎಲ್ಲಿ ಎಂಬ ಎರಡೂ ಪ್ರಶ್ನೆಗಳಿಗೆ ಚಹಾದ ಕಥೆಯಲ್ಲಿ ಉತ್ತರವಿದೆ.

ಅಸ್ಸಾಮಿನ ಚಹಾ 1839ರಲ್ಲಿ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು. ಶತಮಾನದ ಕೊನೆಯ ಹೊತ್ತಿಗೆ ಬ್ರಿಟಿಷರ ಬಟ್ಟಲಿನಲ್ಲಿ ಚೀನಾದ ಚಹಾವನ್ನು ಹಿಂದೆ ಹಾಕಿತು. ಆದರೆ ತೋಟಗಳು ಬೇಡಿಕೆಗಿಂತ ವೇಗವಾಗಿ ಬೆಳೆದವು, ಬೆಲೆ ಕುಸಿಯಿತು. ಕಂಗಾಲಾದ ಮಾಲೀಕರು ತಮ್ಮ ಮೇಲೆ ತಾವೇ ತೆರಿಗೆ ಹಾಕುವಂತೆ ಸರ್ಕಾರವನ್ನು ಕೇಳಿಕೊಂಡರು. ಲಾರ್ಡ್ ಕರ್ಜನ್ನನ ಕಾಲದಲ್ಲಿ, 1903ರಲ್ಲಿ, ಚಹಾ ಸೆಸ್ ಕಾಯ್ದೆ ಬಂತು. ರಫ್ತಾಗುವ ಪ್ರತಿ ಪೌಂಡಿಗೆ ಮೊದಲು ನಿಗದಿಯಾದದ್ದು ಕಾಲು ಪೈ. ರೂಪಾಯಿಗೆ 192 ಪೈ ಇದ್ದ ಕಾಲವದು. ಅಂದರೆ 768 ಪೌಂಡ್ ಚಹಾ ಹೊರಟರೆ ಪ್ರಚಾರ ನಿಧಿಗೆ ಒಂದು ರೂಪಾಯಿ. ಹನಿ ಹನಿ ಕೂಡಿಯೇ ದೊಡ್ಡ ನಿಧಿಯಾಯಿತು. ಯಾವ ಒಬ್ಬ ಮಾಲೀಕನ ಹೆಸರನ್ನೂ ಹೇಳದೆ ಇಡೀ ಸರಕನ್ನೇ ಜಾಹೀರು ಮಾಡುವುದು ಈ ಪ್ರಚಾರದ ವೈಶಿಷ್ಟ್ಯ.

ಆರಂಭದಲ್ಲಿ ಹಣ ಹೆಚ್ಚಾಗಿ ವಿದೇಶಗಳಲ್ಲಿ ಖರ್ಚಾಯಿತು. ಕ್ರಮೇಣ ಕಣ್ಣು ಮನೆಯತ್ತ ತಿರುಗಿತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕಾರ್ಖಾನೆ, ಗಣಿ, ಹತ್ತಿ ಗಿರಣಿಗಳಲ್ಲಿ ಚಹಾದ ಅಂಗಡಿಗಳು ತಲೆಯೆತ್ತಿದವು. ಕೆಲಸದ ನಡುವೆ ಒಂದು ಲೋಟ ಚಹಾ ಕೊಟ್ಟರೆ ಕಾರ್ಮಿಕನ ದಣಿವು ಆರುತ್ತದೆ ಎಂದು ಗಿರಣಿ ಮಾಲೀಕರನ್ನು ಒಪ್ಪಿಸಲಾಯಿತು. ಬಂಗಾಳ, ಪಂಜಾಬುಗಳ ದೊಡ್ಡ ರೈಲ್ವೆ ಜಂಕ್ಷನ್‌ಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ಕೆಟಲು, ಕಪ್ಪು, ಚಹಾಪುಡಿಯ ಪೊಟ್ಟಣ ಕೊಟ್ಟು ನಿಲ್ಲಿಸಿದರು. ಚಹಾ ಮಾಡುವ ಕ್ರಮವನ್ನು ಚಿತ್ರಸಹಿತ ವಿವರಿಸುವ ಎನಾಮಲ್ ಫಲಕಗಳು ನಿಲ್ದಾಣಗಳಲ್ಲಿ ಕಾಣಿಸಿಕೊಂಡವು.

1930ರ ದಶಕದ ಆರ್ಥಿಕ ಕುಸಿತದಲ್ಲಿ ವಿದೇಶಿ ಮಾರುಕಟ್ಟೆ ಸೊರಗಿದಾಗ ಪ್ರಚಾರ ಮನೆಯ ಹೊಸ್ತಿಲಿಗೇ ಬಂತು. ತರಬೇತಿ ಪಡೆದವರು ಬೀದಿಗಳನ್ನು ಆರಿಸಿಕೊಂಡು, ದಿನವೂ ಒಂದೇ ಹೊತ್ತಿಗೆ ಮನೆಗಳಿಗೆ ಹೋಗಿ, ಚಹಾ ಮಾಡಿ ತೋರಿಸಿ, ಬಿಟ್ಟಿಯಾಗಿ ಕುಡಿಸಿದರು. ಒಂದು ದಿನ ಕೊಟ್ಟರೆ ರುಚಿ. ದಿನವೂ ಅದೇ ಹೊತ್ತಿಗೆ ಕೊಟ್ಟರೆ ಅಭ್ಯಾಸ. ಮಾರಾಟಗಾರಿಕೆಯ ಈ ಗುಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಚಹಾ ಆಳುವವರ ಬೆಳೆ. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅದನ್ನು ಕಟುವಾಗಿ ಟೀಕಿಸಿದರು. ದೇಹಕ್ಕೆ ಚಹಾ ಬೇಕಿಲ್ಲ ಎಂಬುದು ಗಾಂಧೀಜಿಯ ನಿಲುವು. ಅದಕ್ಕಿಂತ ಗಂಭೀರವಾದದ್ದು ತೋಟಗಳ ಒಳಗಿನ ಸ್ಥಿತಿ. ದೂರದ ಊರುಗಳಿಂದ ಕರಾರಿನ ಮೇಲೆ ತಂದ ಕೂಲಿಗಳು ಕೆಲಸ ಬಿಟ್ಟು ಹೊರಟರೆ ಅಪರಾಧಿಗಳಾಗುತ್ತಿದ್ದರು. 1921ರ ಮೇ ತಿಂಗಳಲ್ಲಿ ಚರ್ಗೋಲಾ ಕಣಿವೆಯ ಸಾವಿರಾರು ಕೂಲಿಗಳು ಗಾಂಧೀಜಿಯ ಹೆಸರು ಹೇಳುತ್ತ ತೋಟ ಬಿಟ್ಟು ನಡೆದರು. ಊರಿಗೆ ಮರಳಲು ಚಾಂದ್‌ಪುರದ ನಿಲ್ದಾಣದಲ್ಲಿ ಕಾಯುತ್ತಿದ್ದವರ ಮೇಲೆ ಗೂರ್ಖಾ ಸಿಪಾಯಿಗಳು ರಾತ್ರಿ ಎರಗಿದರು. ಬಿಟ್ಟಿ ಚಹಾ ಹಂಚಿದವರ ಕರಪತ್ರಗಳಲ್ಲಿ ಹೇಳುವಂಥ ಸುದ್ದಿ ಇದಾಗಿರಲಿಲ್ಲ.

ಇಲ್ಲಿ ಬೇಕಾಗಿದ್ದುದು ಎರಡನೆಯ ಬಗೆಯ ಕೆಲಸ. ದೇಶ ಸ್ವತಂತ್ರವಾದ 1947ರಲ್ಲಿ ಬಂಗಾಳದ ಕಲಾವಿದ ಅನ್ನದಾ ಮುನ್ಷಿ ರಚಿಸಿದ ಭಿತ್ತಿಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಚರಕದ ಮುಂದೆ ಕುಳಿತ ಹೆಂಗಸು, ಜೊತೆಗೆ ಚಹಾ. ಇದು ನೂರಕ್ಕೆ ನೂರು ಸ್ವದೇಶಿ ಎಂಬ ಘೋಷಣೆ. ಗಾಂಧೀಜಿ ಬೇಡವೆಂದ ಪಾನೀಯಕ್ಕೆ ಗಾಂಧೀಜಿಯ ಚರಕವೇ ಸಾಕ್ಷಿಯಾಯಿತು! ಸಾಮ್ರಾಜ್ಯದ ಬೆಳೆ ರಾಷ್ಟ್ರದ ಪಾನೀಯವೆಂದು ಹೆಸರು ಬದಲಿಸಿಕೊಂಡಿತು.

ಜನರೇನೂ ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಹಾಲು, ಸಕ್ಕರೆ ಧಾರಾಳವಾಗಿ ಸುರಿದು, ಶುಂಠಿ, ಏಲಕ್ಕಿ ಕುಟ್ಟಿ ಹಾಕಿ ಕುದಿಸಿದರು. ಹೀಗೆ ಮಾಡಿದರೆ ಕಡಿಮೆ ಪುಡಿ ಸಾಕಾಗುವುದರಿಂದ ಪ್ರಚಾರಕರಿಗೆ ಇದು ಹಿಡಿಸಲಿಲ್ಲ. ವ್ಯಾಪಾರಿಗಳು ಅವರ ಮಾತು ಕೇಳಲಿಲ್ಲ. ಮುಂದೆ ಕಡುರುಚಿಯ, ಅಗ್ಗದ ಸಿ.ಟಿ.ಸಿ. ಪುಡಿ ಹರಡಿದಾಗ ಬಡವನ ಗುಡಿಸಲಿಗೂ ಚಹಾ ಹೊಕ್ಕಿತು. ಈಗ ದೇಶದಲ್ಲಿ ಬೆಳೆಯುವ ಚಹಾದ ಸುಮಾರು ಶೇಕಡಾ 80 ಭಾಗ ಇಲ್ಲಿಯೇ ಖರ್ಚಾಗುತ್ತದೆ.

ಕೊಡಗು, ಚಿಕ್ಕಮಗಳೂರುಗಳಲ್ಲಿ ಬೆಳೆಯುವ ಕಾಫಿಯೂ ಇದೇ ದಾರಿ ಹಿಡಿಯಿತು. ಅದಕ್ಕೂ 1935ರಲ್ಲಿ ಸೆಸ್ ಕಾಯ್ದೆ ಬಂತು. ಮರುವರ್ಷ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು.

ಹಾಗಾದರೆ ತೋಟದ ಕೂಲಿಗೆ ಏನಾಯಿತು? ಅವನ ವಸತಿ, ವೈದ್ಯಕೀಯ ಸೌಲಭ್ಯ, ಕೆಲಸದ ಅವಧಿಗಳಿಗೆ ನಿಯಮ ವಿಧಿಸಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಭಿತ್ತಿಚಿತ್ರಗಳಿಂದ ಅದು ಆಗಲಿಲ್ಲ. ಪ್ರಚಾರಕ್ಕೆ ಕುಡಿಯುವವನ ಮನಸ್ಸನ್ನು ಬದಲಿಸುವ ಶಕ್ತಿಯಿದೆ. ಎಲೆ ಕೀಳುವವರ ಬದುಕನ್ನು ಬದಲಿಸಲು ಬೇರೆಯೇ ಹೋರಾಟ ಬೇಕಾಗುತ್ತದೆ. ಉದ್ದಿಮೆಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದನ್ನು ಕೇಳುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.