ಟಂಡ್ರಾ ನೆಲದ ಇಂಗಾಲವೂ ಅದರ ಜಲಮಾರ್ಗವೂ

ಉತ್ತರಧ್ರುವ ವಲಯದ ಟಂಡ್ರಾ ಭೂಮಿಯು ಇಂಗಾಲದ ಮಹಾಭಂಡಾರವೆಂಬುದು ವಿದಿತವೇ ಆಗಿದೆ. ಚಳಿಯ ದೆಸೆಯಿಂದ ಅಲ್ಲಿ ಸತ್ತ ಪಾಚಿ, ಹುಲ್ಲು, ಬೇರುಗಳು ಪೂರ್ಣವಾಗಿ ಕೊಳೆಯದೆ ನೆಲದಲ್ಲಿಯೇ ಉಳಿಯುತ್ತವೆ. ಈ ಭಂಡಾರದ ಆಯವ್ಯಯದಲ್ಲಿ ನೀರಿಗೆ ಸ್ಥಾನ ದೊರೆತ ಬಗೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಮೊದಲು ನೀರಿನ ದಾರಿಯನ್ನು ನೋಡೋಣ. ಬೇಸಗೆಯಲ್ಲಿ ಟಂಡ್ರಾದ ಮೇಲ್ಪದರ ಮಾತ್ರ ಕರಗುತ್ತದೆ. ಅದರಡಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಆದುದರಿಂದ ನೀರು ಆಳಕ್ಕೆ ಇಂಗಲಾರದೆ, ಅರೆಕೊಳೆತ ಸಸ್ಯಪದರದೊಳಗೆ ಇಳಿಜಾರಿನತ್ತ ಹರಿದು, ಸಾವಯವ ದ್ರವ್ಯವನ್ನು ಕರಗಿಸಿಕೊಂಡು, ಚಹದ ಬಣ್ಣ ತಳೆದು, ತೊರೆ ಸರೋವರಗಳನ್ನು ಸೇರುತ್ತದೆ. ಹಿಮ ಕರಗುವ ವಸಂತದಲ್ಲಿ ಈ ಸಾಗಣೆ ಅತ್ಯಧಿಕ. ಬೇಸಗೆಯ ಕೊನೆಗೆ ನೀರು ಇನ್ನಷ್ಟು ಕೆಳಗಿನ ಖನಿಜಮಣ್ಣನ್ನು ಹಾದುಹೋಗುವಾಗ, ಕರಗಿದ ದ್ರವ್ಯದ ಒಂದಂಶವನ್ನು ಆ ಮಣ್ಣು ಹಿಡಿದಿಡುತ್ತದೆ.

1970ರ ದಶಕದ ಆದಿಯಲ್ಲಿ, ಅಂತರರಾಷ್ಟ್ರೀಯ ಜೀವವಿಜ್ಞಾನ ಕಾರ್ಯಕ್ರಮದ ಅಂಗವಾಗಿ, ಅಲಾಸ್ಕದ ಬ್ಯಾರೋ ಬಳಿ ಟಂಡ್ರಾದ ನೆಲವನ್ನೂ ಕೊಳಗಳನ್ನೂ ವಿದ್ವಾಂಸರು ಅಭ್ಯಸಿಸಿದರು. 1975ರಲ್ಲಿ ಅದೇ ಪ್ರಾಂತದ ಟೂಲಿಕ್ ಸರೋವರದ ದಡದಲ್ಲಿ ಸಂಶೋಧನ ಕೇಂದ್ರವೊಂದು ಆರಂಭವಾಯಿತು. ಆದರೂ ನೆಲದ ಲೆಕ್ಕ ಒಂದು ಕಡೆ, ನೀರಿನ ಲೆಕ್ಕ ಮತ್ತೊಂದು ಕಡೆ ಎಂಬ ಸ್ಥಿತಿ ಸುಲಭವಾಗಿ ತೊಲಗಲಿಲ್ಲ.

ಇವೆರಡನ್ನೂ ಕೂಡಿಸಿದುದೇ 1991ರಲ್ಲಿ ಕ್ಲಿಂಗ್, ಕಿಪ್‌ಹಟ್ ಮತ್ತು ಮಿಲ್ಲರ್ ಪ್ರಕಟಿಸಿದ ಲೇಖನದ ಹಿರಿಮೆ. ಅವರು ಅಲಾಸ್ಕದ 25 ಸರೋವರಗಳನ್ನೂ 4 ನದಿಗಳನ್ನೂ ಪರೀಕ್ಷಿಸಿದರು. ಈ 29ರಲ್ಲಿ 27 ಜಲಾಶಯಗಳು ಇಂಗಾಲದ ಡೈ ಆಕ್ಸೈಡನ್ನು ವಾಯುಮಂಡಲಕ್ಕೆ ಬಿಡುತ್ತಿದ್ದುವು. ಅದರ ಮೂಲ ಬಹುಶಃ ಸುತ್ತಣ ನೆಲವೇ ಎಂದು ಅವರು ಊಹಿಸಿದರು. ಇತರ ಟಂಡ್ರಾ ಪ್ರದೇಶಗಳಲ್ಲಿಯೂ ಹೀಗೆಯೇ ನಡೆಯುವುದಾದರೆ, ನೆಲವು ಗಾಳಿಯಿಂದ ಹೀರುವ ಇಂಗಾಲದ ಅಂದಿನ ಅಂದಾಜು ಶೇಕಡ 20ರಷ್ಟು ಹೆಚ್ಚಾಗಿರಬಹುದೆಂಬುದು ಅವರ ನಿರ್ಣಯ.

ನೀರಿನಲ್ಲಿ ಸಾವಯವ ದ್ರವ್ಯದ ಪರಿವರ್ತನೆ ಮುಖ್ಯವಾಗಿ ಬ್ಯಾಕ್ಟೀರಿಯಗಳ ಕಾರ್ಯವೆಂಬ ಭಾವನೆ ಇತ್ತು. 2014ರಲ್ಲಿ ರೋಸ್ ಕೋರಿ ಮತ್ತು ಸಂಗಡಿಗರು ಇದನ್ನೂ ತಿದ್ದಿದರು. ಅಲ್ಲಿಯ ನೀರಿನಲ್ಲಿ ಮಾರ್ಪಡುವ ಕರಗಿದ ಇಂಗಾಲದ ಶೇಕಡ 70ರಿಂದ 95 ಭಾಗಕ್ಕೆ ಸೂರ್ಯಪ್ರಕಾಶವೇ ಕಾರಣವೆಂದು ತೋರಿಸಿದರು.

ಭೂಮಿಯ ತಾಪ ಏರುತ್ತಿರುವ ಇಂದು ಸಹಸ್ರಾರು ವರ್ಷ ಹೆಪ್ಪುಗಟ್ಟಿದ್ದ ನೆಲವೂ ಕರಗತೊಡಗಿದೆ. ಕತ್ತಲಲ್ಲಿದ್ದ ಇಂಗಾಲವನ್ನು ಬೆಳಕಿಗೆ ತರುವುದು ಹರಿಯುವ ನೀರೇ. ಆದಕಾರಣ ತೊರೆಯನ್ನು ಅಳೆಯದೆ ನೆಲದ ಲೆಕ್ಕ ಮುಗಿಯದೆಂಬುದು ಈ ಇತಿಹಾಸದಿಂದ ನಾವು ಗ್ರಹಿಸಬೇಕಾದ ತತ್ತ್ವ.