ಬಳ್ಳಿಗಾವೆಯ ಕಲ್ಲು, ಸೊರಬದ ಗಂಧ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳನ್ನು, ಅಂದರೆ ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸಿದ ಸ್ತ್ರೀಪ್ರತಿಮೆಗಳನ್ನು, ತಲೆಯೆತ್ತಿ ನೋಡುವ ಪ್ರವಾಸಿಗರಲ್ಲಿ ಬಹುಮಂದಿಯ ಕಣ್ಣಿಗೆ ಅವುಗಳ ಪೀಠದ ಸಣ್ಣ ಅಕ್ಷರಗಳು ಬೀಳುವುದಿಲ್ಲ. 1117ರಲ್ಲಿ ಹೊಯ್ಸಳ ಅರಸ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಪ್ರತಿಮೆಗಳ ಕೆಳಗೆ ತಮ್ಮ ಹೆಸರನ್ನು ಕೊರೆದು ಹೋಗಿದ್ದಾರೆ.

ಆ ಬಳ್ಳಿಗಾವೆಯೇ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರವೆಂಬ ಆಡಳಿತ ಪ್ರಾಂತದ ರಾಜಧಾನಿಯಾಗಿತ್ತು. ಅಲ್ಲಿನ ಕೋಡಿಯ ಮಠವು ಕಾಳಾಮುಖರೆಂಬ ಶೈವ ಯತಿಗಳ ನೆಲೆಯಾಗಿದ್ದು, ಶಾಸ್ತ್ರಗಳನ್ನು ಓದಿಸುವ, ದೀನರಿಗೂ ಅನಾಥರಿಗೂ ಅನ್ನವಿಕ್ಕುವ, ರೋಗಿಗಳಿಗೆ ಮದ್ದು ಕೊಡುವ ಸ್ಥಳವೆಂದು 1162ರ ಶಾಸನ ಅದನ್ನು ವರ್ಣಿಸುತ್ತದೆ. ದಾನದತ್ತಿಗಳು ಹರಿದುಬರುತ್ತಿದ್ದ ಇಂಥ ಊರಿನಲ್ಲಿ ಶಿಲ್ಪಿಗಳ ಕೈಗೆ ಕೆಲಸವೂ ಕಲಿಕೆಯೂ ಒಟ್ಟಿಗೇ ಒದಗಿದವೆನ್ನಬೇಕು. ಅಲ್ಲಿನ ಕೇದಾರೇಶ್ವರವು ತ್ರಿಕೂಟಾಚಲ, ಎಂದರೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳು ಕೂಡಿಕೊಂಡ ದೇವಾಲಯ. ತ್ರಿಪುರಾಂತಕೇಶ್ವರದಲ್ಲಿ ಪಂಚತಂತ್ರದ ಕಥೆಗಳು ಪಟ್ಟಿಕೆಯಾಗಿ ಸಾಗುತ್ತವೆ. ಬಾಗಿಲ ಪಕ್ಕದ ಜಾಲಂಧ್ರಗಳನ್ನು, ಅಂದರೆ ಬೆಳಕು ಹಾಯುವಂತೆ ರಂಧ್ರ ಕೊರೆದ ಕಲ್ಲಿನ ಪರದೆಗಳನ್ನು, ಹತ್ತಿರ ನಿಂತು ನೋಡಿದವರಿಗೆ ದಾಸೋಜನ ಕೈಚಳಕದ ಹಿಂದಿದ್ದ ಪರಂಪರೆ ಎಂಥದೆಂದು ತಿಳಿಯುತ್ತದೆ. ಮನುಷ್ಯನ ದೇಹಕ್ಕೆ ಎರಡು ಹಕ್ಕಿತಲೆಗಳನ್ನು ಕೂಡಿಸಿದ ಗಂಡಭೇರುಂಡದ ಎತ್ತರದ ಕಂಬವನ್ನು ಇಲ್ಲಿ ಹನ್ನೊಂದನೆಯ ಶತಮಾನದಲ್ಲಿ ನಿಲ್ಲಿಸಿದವನು ಬನವಾಸಿ ಪ್ರಾಂತವನ್ನು ಆಳುತ್ತಿದ್ದ ಚಾಮುಂಡರಾಯ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾಗಿ, ನಾಡಿನ ಶಿಲ್ಪಗಳನ್ನು ಒಂದೆಡೆ ತಂದಿಟ್ಟು ನೋಡುವ ರೂಢಿ ಬೆಳೆದ ಮೇಲೂ ಈ ದೇಗುಲಗಳನ್ನು ಅವುಗಳ ನೆಲದಲ್ಲಿಯೇ ನೋಡುವ ಭಾಗ್ಯ ಉಳಿದಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಶಿಕಾರಿಪುರದ, 1904ರಲ್ಲಿ ಸೊರಬದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆ, ಇಲ್ಲಿಗೆ ಬರುವವರಿಗೆ ಕಲ್ಲುಗಳನ್ನು ಓದಿಕೊಂಡು ನೋಡುವುದೂ ಸಾಧ್ಯವಾಯಿತು.

ಶಿಕಾರಿಪುರದ ನೆರೆಯ ತಾಲ್ಲೂಕಾದ ಸೊರಬದ ಕಲೆಯ ಗತಿ ಬಳ್ಳಿಗಾವೆಯ ಕಲ್ಲಿನದಕ್ಕಿಂತ ಬೇರೆಯಾಯಿತು. ಅಲ್ಲಿನ ಗುಡಿಗಾರರು ಮದುವೆಯ ಬಾಸಿಂಗಕ್ಕೆ ಬೆಂಡನ್ನೂ ಪೆಟ್ಟಿಗೆಗಳಿಗೆ ಶ್ರೀಗಂಧವನ್ನೂ ಕೆತ್ತುವ ಕುಲಕಸುಬಿನವರು. ಗಂಧದ ಪೆಟ್ಟಿಗೆಯ ಮೈಯಲ್ಲಿ ಬೆರಳಗಲ ಜಾಗವೂ ಬರಿದಾಗಿರದಂತೆ ಬಳ್ಳಿಯೊಳಗೆ ಬಳ್ಳಿ ಹೆಣೆದು, ನಡುವೆ ದೇವತೆಗಳನ್ನೂ ಪ್ರಾಣಿಗಳನ್ನೂ ಕೂರಿಸುವ ಈ ಕೆಲಸಕ್ಕೆ ಹಲವು ತಿಂಗಳು ಹಿಡಿಯುತ್ತಿತ್ತೆಂದೂ, ಕೆತ್ತುವವರು ಎಳೆಯ ವಯಸ್ಸಿನಲ್ಲೇ ಕಣ್ಣಿನ ಶಕ್ತಿ ಕಳೆದುಕೊಳ್ಳುತ್ತಾರೆಂಬ ಮಾತಿತ್ತೆಂದೂ ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಕಲ್ಲಿನ ಗುಡಿ ಊರಲ್ಲೇ ಉಳಿಯಿತು. ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆ ಕೊಂಡವರ ಜೊತೆ ದೂರದ ಊರುಗಳಿಗೆ ಹೋಯಿತು, ಹೋದಲ್ಲೆಲ್ಲ ಮೈಸೂರು ಗಂಧದ ಕೆತ್ತನೆ ಎಂಬ ಹೆಸರನ್ನೇ ಪಡೆಯಿತು. ಬೇಲೂರಿನ ಪೀಠದಲ್ಲಿ ದಾಸೋಜನ ಊರು ಇಂದಿಗೂ ಓದಲು ಸಿಗುತ್ತದೆ. ಗಂಧದ ಪೆಟ್ಟಿಗೆಗಳ ತಳದಲ್ಲಿ ಸಾಮಾನ್ಯವಾಗಿ ಸೊರಬದ ಹೆಸರಿಲ್ಲ, ಕೆತ್ತಿದವರ ಹೆಸರೂ ಇಲ್ಲ.