ನಲಿ-ಕಲಿ: ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ – ಪೋಷಕರಿಗೆ ಮಾಹಿತಿ

ಪ್ರಸ್ತಾವನೆ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಿಗಾಗಿ ರೂಪಿಸಲಾದ ಚಟುವಟಿಕೆ ಆಧಾರಿತ ಬೋಧನಾ ಪದ್ಧತಿಯೇ ‘ನಲಿ-ಕಲಿ’. ಈ ಕೊಠಡಿಯಲ್ಲಿ ಬೆಂಚುಗಳ ಸಾಲು ಇರುವುದಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗಳಲ್ಲಿ ಒಟ್ಟಿಗೆ ಕುಳಿತು ಕಾರ್ಡು, ಬೀಜ, ಕಡ್ಡಿ, ಚಿತ್ರಗಳೊಡನೆ ಕೆಲಸದಲ್ಲಿ ತೊಡಗಿರುತ್ತಾರೆ. ಇದನ್ನು ಮೊದಲ ಬಾರಿಗೆ ನೋಡುವ ಪೋಷಕರಿಗೆ, ಮಗು ಆಡುತ್ತಿದೆಯೇ ಹೊರತು ಕಲಿಯುತ್ತಿಲ್ಲವೆಂಬ ಸಂದೇಹ ಬರುವುದು ಸಹಜ. ಪದ್ಧತಿಯ ಉದ್ದೇಶವನ್ನೂ, ಮಗುವಿನ ಕಲಿಕೆಯನ್ನು ಪೋಷಕರು ತಾವೇ ಪರಿಶೀಲಿಸಿಕೊಳ್ಳುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ನಲಿ-ಕಲಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲೆ ಬಳಿಯ ಋಷಿ ವ್ಯಾಲಿ ಸಂಸ್ಥೆಯು ನಡೆಸುತ್ತಿದ್ದ ಗ್ರಾಮೀಣ ಶಾಲೆಗಳನ್ನು ಸಂದರ್ಶಿಸಿ, ಕಂಡುಕೊಂಡ ಕ್ರಮವನ್ನು ಕನ್ನಡಕ್ಕೂ ತಮ್ಮ ಊರಿನ ಮಕ್ಕಳಿಗೂ ಹೊಂದುವಂತೆ ಮಾರ್ಪಡಿಸಿದರು. 2009-10ನೇ ಸಾಲಿನಲ್ಲಿ ಈ ಪದ್ಧತಿಯನ್ನು ರಾಜ್ಯದಾದ್ಯಂತ 1 ಮತ್ತು 2ನೇ ತರಗತಿಗಳಿಗೂ, ನಂತರ 3ನೇ ತರಗತಿಗೂ ವಿಸ್ತರಿಸಲಾಯಿತು.

ಪದ್ಧತಿಯ ಅವಶ್ಯಕತೆ

ಸಣ್ಣ ಊರುಗಳ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎರಡು-ಮೂರು ತರಗತಿಗಳನ್ನು ನಿರ್ವಹಿಸಬೇಕಾಗುತ್ತದೆ. ಇದಲ್ಲದೆ ಕೂಲಿ, ಸುಗ್ಗಿ, ಕಾಫಿ ತೋಟದ ಕೆಲಸ ಮುಂತಾದ ಕಾರಣಗಳಿಂದ ಕುಟುಂಬವು ಊರು ಬಿಟ್ಟು ಹೋದಾಗ ಮಗು ವಾರಗಟ್ಟಲೆ ಗೈರುಹಾಜರಾಗುತ್ತದೆ. ಇಡೀ ತರಗತಿಗೆ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಬೋಧಿಸುವ ಕ್ರಮದಲ್ಲಿ, ಅಂತಹ ಮಗು ಹಿಂದಿರುಗುವಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತದೆ. ಅರ್ಥವಾಗದ ಪಾಠದ ಮುಂದೆ ಕುಳಿತ ಮಗು ಕ್ರಮೇಣ ಶಾಲೆಯನ್ನೇ ಬಿಡುವ ಸಂಭವವಿರುತ್ತದೆ. ನಲಿ-ಕಲಿಯಲ್ಲಿ ಮಗು ತಾನು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಈ ಪದ್ಧತಿಯ ತಿರುಳು ಇದೇ ಆಗಿದೆ.

ಕಲಿಕಾ ಕ್ರಮ

1. ಕಲಿಕಾ ಏಣಿ: ಪ್ರತಿ ವಿಷಯದ ಪಠ್ಯಾಂಶವನ್ನು ಸಣ್ಣ ಸಣ್ಣ ಮೆಟ್ಟಿಲುಗಳನ್ನಾಗಿ ವಿಂಗಡಿಸಿ ಗೋಡೆಯ ಮೇಲೆ ಏಣಿಯ ರೂಪದಲ್ಲಿ ಪ್ರದರ್ಶಿಸಲಾಗುತ್ತದೆ. ಕೆಲವು ಮೆಟ್ಟಿಲುಗಳು ಸೇರಿ ಒಂದು ಮೈಲಿಗಲ್ಲು ಆಗುತ್ತದೆ.

2. ಕಾರ್ಡುಗಳು: ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು ಇದ್ದು, ಅದರ ಮೇಲೆ ‘ಲೋಗೋ’ ಎಂದು ಕರೆಯುವ ಗುರುತಿನ ಚಿತ್ರವಿರುತ್ತದೆ. ಓದಲು ಬಾರದ ಮಗುವೂ ಈ ಚಿತ್ರವನ್ನು ಗುರುತಿಸಿ ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳುತ್ತದೆ.

3. ಗುಂಪುಗಳು: ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಹೊಸ ಅಂಶವನ್ನು ಕಲಿಯುವ ಮಗು ಶಿಕ್ಷಕರ ಬಳಿ ಇರುತ್ತದೆ. ಅಭ್ಯಾಸದ ಹಂತದಲ್ಲಿ ಸಹಪಾಠಿಗಳ ನೆರವು ಪಡೆದು, ಕೊನೆಯಲ್ಲಿ ಸ್ವತಃ ಕಲಿಯುವ ಗುಂಪಿಗೆ ಸೇರುತ್ತದೆ.

4. ಚಪ್ಪರ: ಮಕ್ಕಳು ಬರೆದ, ಕತ್ತರಿಸಿದ, ಬಣ್ಣ ಹಚ್ಚಿದ ಕೃತಿಗಳನ್ನು ಕೊಠಡಿಯಲ್ಲಿ ಕಟ್ಟಿದ ದಾರಗಳಿಗೆ ತೂಗುಹಾಕಲಾಗುತ್ತದೆ.

5. ಪ್ರಗತಿ ನೋಟ: ಪ್ರತಿ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಇದರಲ್ಲಿ ದಾಖಲಿಸಲಾಗುತ್ತದೆ.

ಅಕ್ಷರ ಕಲಿಕೆಯ ಕ್ರಮ

‘ಶಾಲೆಗೆ ಸೇರಿ ತಿಂಗಳುಗಳಾದರೂ ಮಗುವಿಗೆ ಅ, ಆ, ಇ, ಈ ಬರುವುದಿಲ್ಲ’ ಎಂಬುದು ಪೋಷಕರ ಸಾಮಾನ್ಯ ಆತಂಕ. ನಲಿ-ಕಲಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಲಾಗುತ್ತದೆ. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ಸ್ವರಗಳನ್ನಷ್ಟೇ ಮೊದಲು ಕಲಿತ ಮಗುವಿಗೆ ಇಷ್ಟು ಪದಗಳು ಸಿಗುವುದಿಲ್ಲ. ಅಕ್ಷರವು ಅರ್ಥವುಳ್ಳ ಪದವಾಗುವುದನ್ನು ಮಗು ಆರಂಭದಲ್ಲಿಯೇ ಕಾಣಲಿ ಎಂಬುದು ಇದರ ಆಶಯ. ಆದುದರಿಂದ ಮನೆಯಲ್ಲಿ ಅಕ್ಷರಮಾಲೆಯನ್ನು ಒತ್ತಾಯದಿಂದ ಬಾಯಿಪಾಠ ಮಾಡಿಸುವ ಬದಲು, ಕಲಿತ ಅಕ್ಷರಗಳಿಂದ ಹೊಸ ಪದಗಳನ್ನು ಕಟ್ಟಿಸುವುದು ಹೆಚ್ಚು ಪ್ರಯೋಜನಕಾರಿ.

ಗಣಿತ ಮತ್ತು ಪರಿಸರ ಅಧ್ಯಯನ

ಹತ್ತು ಕಡ್ಡಿಗಳನ್ನು ಒಂದು ಕಟ್ಟಾಗಿ ಕಟ್ಟಿದಾಗ ‘ಹತ್ತು’ ಮತ್ತು ‘ಬಿಡಿ’ಗಳ ವ್ಯತ್ಯಾಸವು ಮಗುವಿನ ಕೈಗೇ ತಿಳಿಯುತ್ತದೆ. ಹವಾಮಾನ ನಕ್ಷೆಯಲ್ಲಿ ಬಿಸಿಲು, ಮೋಡ, ಮಳೆಗಳನ್ನು ಮಕ್ಕಳೇ ದಿನವೂ ಗುರುತಿಸುತ್ತಾರೆ. ಅನೇಕ ಶಾಲೆಗಳಲ್ಲಿ ‘ಮಕ್ಕಳ ಸಂತೆ’ಯನ್ನೂ ಏರ್ಪಡಿಸಲಾಗುತ್ತದೆ. ಮಕ್ಕಳು ತರಕಾರಿ, ಸೊಪ್ಪು, ತಿಂಡಿಗಳನ್ನು ತಂದು ಬೆಲೆ ನಿಗದಿಪಡಿಸಿ, ತೂಗಿ, ಮಾರಿ, ಚಿಲ್ಲರೆ ಕೊಟ್ಟು ಲಾಭ-ನಷ್ಟದ ಲೆಕ್ಕ ಬರೆಯುತ್ತಾರೆ. ಲೆಕ್ಕವನ್ನು ಪೋಷಕರು ಬರೆದುಕೊಟ್ಟರೆ ಚಟುವಟಿಕೆಯ ಉದ್ದೇಶವೇ ವಿಫಲವಾಗುತ್ತದೆ.

ಪೋಷಕರು ಪರಿಶೀಲಿಸಬೇಕಾದ ಅಂಶಗಳು

ಕಾರ್ಡುಗಳು ಬೀರುವಿನಲ್ಲಿಯೇ ಉಳಿದರೆ, ಅಥವಾ ಎಲ್ಲ ಮಕ್ಕಳೂ ಒಂದೇ ಕಾರ್ಡನ್ನು ನಕಲು ಮಾಡುತ್ತಿದ್ದರೆ, ಹೆಸರು ನಲಿ-ಕಲಿ ಆದರೂ ಕಲಿಕೆ ನಡೆಯುವುದಿಲ್ಲ. ಪೋಷಕರು ಶಾಲೆಗೆ ಭೇಟಿ ನೀಡಿದಾಗ ಈ ಕೆಳಕಂಡ ಪ್ರಶ್ನೆಗಳನ್ನು ಕೇಳಬಹುದು:

1. ಮಗು ಈಗ ಯಾವ ಮೈಲಿಗಲ್ಲಿನಲ್ಲಿದೆ? ಕಳೆದ ಭೇಟಿಯ ನಂತರ ಎಷ್ಟು ಮುಂದುವರಿದಿದೆ?
2. ಒಂದೇ ಮೆಟ್ಟಿಲಿನಲ್ಲಿ ಬಹುಕಾಲ ನಿಂತಿದ್ದಲ್ಲಿ ಯಾವ ನೆರವು ನೀಡಲಾಗುತ್ತಿದೆ?
3. ಕಾರ್ಡುಗಳು ಪೂರ್ಣವಾಗಿವೆಯೇ? ಹರಿದ, ಕಳೆದುಹೋದ ಕಾರ್ಡುಗಳಿಗೆ ಬದಲಿ ದೊರೆತಿದೆಯೇ?
4. ಮಗು ಹೆಚ್ಚು ಸಮಯ ಯಾವ ತಟ್ಟೆಯಲ್ಲಿ ಕುಳಿತುಕೊಳ್ಳುತ್ತದೆ?

ಮನೆಯಲ್ಲಿ, ಹಿಂದೆ ನೋಡಿರದ ಒಂದು ಸರಳ ವಾಕ್ಯವನ್ನು ಮಗುವಿನಿಂದ ಓದಿಸುವುದು ಉತ್ತಮ ಪರೀಕ್ಷೆ. ಬಾಯಿಪಾಠ ಮಾಡಿದ ಮಗು ತಡವರಿಸುತ್ತದೆ. ಓದಲು ಕಲಿತ ಮಗು ನಿಧಾನವಾಗಿಯಾದರೂ ಓದುತ್ತದೆ.

ಪ್ರವೇಶ ಹಾಗೂ ಹಕ್ಕುಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಇದರನ್ವಯ:

* ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.
* ಪ್ರವೇಶಕ್ಕಾಗಿ ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವಂತಿಲ್ಲ.
* ಬೇರೆ ಸರ್ಕಾರಿ ಶಾಲೆಯಿಂದ ವರ್ಗಾವಣೆ ಪತ್ರ ಬರುವುದು ತಡವಾದರೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ.
* ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ನಿಷಿದ್ಧ.
* ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕೆಂದು 29ನೇ ಪ್ರಕರಣವು ತಿಳಿಸುತ್ತದೆ.

ವಲಸೆ ಹೋಗಿ ಹಿಂದಿರುಗಿದ ಕುಟುಂಬಗಳು ‘ಪಾಠ ತಪ್ಪಿಹೋಯಿತು’ ಎಂದು ಹಿಂಜರಿಯದೆ ಮಗುವನ್ನು ಕೂಡಲೇ ಶಾಲೆಗೆ ಕಳುಹಿಸತಕ್ಕದ್ದು. ಮಗುವಿನ ಮೆಟ್ಟಿಲು ಅದಕ್ಕಾಗಿ ಕಾದಿರುತ್ತದೆ.

ಸಂಪರ್ಕ

ಪದ್ಧತಿಯ ಅನುಷ್ಠಾನದಲ್ಲಿ ಕೊರತೆ ಕಂಡುಬಂದಲ್ಲಿ ಮೊದಲು ತರಗತಿಯ ಶಿಕ್ಷಕರೊಡನೆ ಹಾಗೂ ಮುಖ್ಯ ಶಿಕ್ಷಕರೊಡನೆ ಚರ್ಚಿಸಬಹುದು. ಬಳಿಕ ಪೋಷಕರೇ ಬಹುಸಂಖ್ಯೆಯಲ್ಲಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯಲ್ಲಿ ವಿಷಯವನ್ನು ಮಂಡಿಸಬಹುದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.